ಮುಳ್ಳಿಗೊಂದು ಲೆಕ್ಕ, ಕಂಪ್ಯೂಟರಿಗೊಂದು ಲೆಕ್ಕ

ಪಿಲ್ಲಗುಂಪೆಯಲ್ಲಿ ಗೇಜು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಸಕೋಟೆ ತಾಲ್ಲೂಕಿನ ಕೈಗಾರಿಕಾ ಪ್ರದೇಶ ನಮ್ಮದು. ಕಂಪ್ರೆಸರ್ ನೋಡಿಕೊಳ್ಳುವವರು, ಬಾಯ್ಲರ್ ನೋಡಿಕೊಳ್ಳುವವರು, ಹೈಡ್ರಾಲಿಕ್ ಪ್ರೆಸ್ ನಡೆಸುವವರು ಬೀದಿ ಬೀದಿಯಲ್ಲೂ ಸಿಗುತ್ತಾರೆ. ಹಾಗಾಗಿ ಪಕ್ಕದ ಮನೆ ಹುಡುಗಿ ಕಾಂಪೌಂಡಿನ ಆಚೆಯಿಂದ “ಅಂಕಲ್, ನಾನು ಗೇಜ್ ತಗೊಳ್ಳೋದಾ, ಡೈವ್ ಕಂಪ್ಯೂಟರ್ ತಗೊಳ್ಳೋದಾ?” ಅಂತ ಕೇಳಿದಾಗ ಮೊದಲು ಕಿವಿ ನಿಮಿರಿದ್ದು ಅವರಪ್ಪನದು. ಗಿಡಕ್ಕೆ ನೀರು ಬಿಡುತ್ತಿದ್ದವರು ಪೈಪು ಕೆಳಗೆ ಹಾಕಿ ಬಂದೇಬಿಟ್ಟರು. ಕಾರ್ಖಾನೆಯ ಯುಟಿಲಿಟಿ ಸೆಕ್ಷನ್ನಿನಲ್ಲಿ ಕಂಪ್ರೆಸರ್ ಜೊತೆಗೇ ಸರ್ವೀಸು ಮುಗಿಸಿದವರು ಅವರು. “ಗೇಜ್ ಇರೋವಾಗ ಕಂಪ್ಯೂಟರ್ ಯಾಕಮ್ಮ? ಮುಳ್ಳು ನೋಡಿದ್ರೆ ಗೊತ್ತಾಗಲ್ವಾ?” ಅಂದರು. ಒಂದು ಸಂಜೆಯ ಹರಟೆಗೆ ಇಷ್ಟು ಸಾಕಲ್ಲ.

ಹುಡುಗಿ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದಾಳೆ. 2022ರಲ್ಲಿ ‘ಗಂಧದ ಗುಡಿ’ ಬಂದಾಗ ಅಪ್ಪು ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಇಳಿದದ್ದನ್ನು ನೋಡಿದಳಲ್ಲ, ಆವತ್ತು ಹಿಡಿದ ಹುಚ್ಚು. ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿ ಒಂದು ಸಲ ಮುಳುಗಿ ನೋಡಿಯೂ ಬಂದಳು. ಈಗ ಸ್ಕೂಬಾ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಸೇರಿದ್ದಾಳೆ. ಈಜುಕೊಳದ ಪಾಠ ಬೆಂಗಳೂರಿನಲ್ಲಿ, ಸಮುದ್ರದ ಪಾಠ ನೇತ್ರಾಣಿಯಲ್ಲಿ. ಆ ಸರ್ಟಿಫಿಕೇಟ್ ಕೈಗೆ ಬಂದರೆ ಜೊತೆಗಾರರೊಬ್ಬರನ್ನು ಕಟ್ಟಿಕೊಂಡು 18 ಮೀಟರ್ ಆಳದ ತನಕ ಇಳಿಯಬಹುದು. ಜವಾಬ್ದಾರಿ ಕೈಬದಲಾಗುವುದು ಅಲ್ಲೇ. ಒಂದು ದಿನದ ಮಟ್ಟಿಗೆ ಮುಳುಗಿ ನೋಡಲು ಹೋಗುವವರು ಯಾವ ಸಾಧನವನ್ನೂ ಕೊಳ್ಳಬೇಕಾಗಿಲ್ಲ. ಪಕ್ಕದಲ್ಲಿ ಕೈಹಿಡಿದು ಕರೆದೊಯ್ಯುವ ಇನ್‌ಸ್ಟ್ರಕ್ಟರ್ ಎಲ್ಲ ನೋಡಿಕೊಳ್ಳುತ್ತಾರೆ, ಆಳವೂ 12 ಮೀಟರ್ ದಾಟುವುದಿಲ್ಲ. ಕೋರ್ಸ್ ಮುಗಿಸಿದ ಮೇಲೆ ಗಾಳಿ ಎಷ್ಟಿದೆ, ಆಳ ಎಷ್ಟು, ಹೊತ್ತು ಎಷ್ಟಾಯಿತು ಅನ್ನುವುದೆಲ್ಲ ಅವರವರ ತಲೆಯ ಮೇಲೆ.

“ಹಂಗಾದ್ರೆ ಗೇಜ್ ಎಷ್ಟು ಬೇಕು?” ಅಂದರು ಹುಡುಗಿಯ ಅಪ್ಪ. ನನಗೆ ಅವರು ಅಣ್ಣ.

ಮೂರು. ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಪ್ರೆಷರ್ ಗೇಜು ಒಂದು. ಎಷ್ಟು ಆಳದಲ್ಲಿದ್ದೇವೆ ಅಂತ ತೋರಿಸುವ ಡೆಪ್ತ್ ಗೇಜು ಇನ್ನೊಂದು. ನೀರೊಳಗೆ ಕೆಡದ ಕೈಗಡಿಯಾರ ಮೂರನೆಯದು. ದಿಕ್ಸೂಚಿ ಬೇರೆ. ಇವನ್ನೆಲ್ಲ ರಬ್ಬರಿನ ಒಂದು ಹಿಡಿಯಲ್ಲಿ ಕೂರಿಸಿ, ಹೋಸಿನ ತುದಿಗೆ ಕಟ್ಟಿ ಪಕ್ಕೆಗೆ ಸಿಕ್ಕಿಸಿಕೊಳ್ಳುವುದು ಹಳೆಯ ಕ್ರಮ. ಇಷ್ಟರ ಜೊತೆಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ಒಂದು ಟೇಬಲ್ ಬೇಕು. ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇದ್ದು, ದಾರಿಯಲ್ಲಿ ಕಾಯುವ ಕಟ್ಟುಪಾಡಿಲ್ಲದೆ ಮೇಲೆ ಬರಬಹುದು ಅಂತ ಹೇಳುವ ಲೆಕ್ಕದ ಪಟ್ಟಿ ಅದು.

ಪ್ರೆಷರ್ ಗೇಜಿನ ಒಳಗೇನಿದೆ ಅಂತ ಅಣ್ಣನಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಅವರೇ ಮಗಳಿಗೆ ಬಿಡಿಸಿ ಹೇಳಿದರು. ಚಪ್ಪಟೆ ಬಾಯಿಯ ಲೋಹದ ಕೊಳವೆಯೊಂದನ್ನು ಬಾಗಿಸಿ ಕೂರಿಸಿರುತ್ತಾರೆ. ಒಳಗೆ ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿಗೆ ಸಣ್ಣದೊಂದು ಕಡ್ಡಿ, ಕಡ್ಡಿಗೆ ಹಲ್ಲುಗಾಲಿ, ಗಾಲಿಗೆ ಮುಳ್ಳು. 1849ರಲ್ಲಿ ಪ್ಯಾರಿಸ್ಸಿನ ಯೂಜೀನ್ ಬೂರ್ದೋನ್ ಪೇಟೆಂಟ್ ಪಡೆದ ಉಪಾಯ ಇದು. ಪಿಲ್ಲಗುಂಪೆಯ ಶೆಡ್ಡಿನಲ್ಲೂ ಅದೇ, ನೇತ್ರಾಣಿಯ ಬೋಟಿನಲ್ಲೂ ಅದೇ. ಬ್ಯಾಟರಿ ಬೇಡ, ಬಟನ್ ಬೇಡ.

“ಆದ್ರೆ ನಮ್ಮ ಲೈನಲ್ಲಿ ಓಡೋದು ಏಳು ಬಾರ್ ಕಣಮ್ಮ. ಅದರಲ್ಲಿ ಎಷ್ಟು?” ಅಂತ ನನ್ನ ಕಡೆ ತಿರುಗಿದರು.

“200” ಅಂದೆ. ಅಣ್ಣ ಒಂದು ಗಳಿಗೆ ಸುಮ್ಮನಾದರು. ಒತ್ತಡದ ಜೊತೆ ಬದುಕಿದವರಿಗೆ ಮಾತ್ರ ಆ ಸಂಖ್ಯೆಯ ಭಾರ ತಿಳಿಯುತ್ತದೆ.

ನಾನು ಹುಡುಗಿಗೆ ಮೊದಲು ಹೇಳಿದ್ದು ಇದು. ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ, ಅವನ್ನು ಬಿಡಿಸಿಕೊಳ್ಳಬೇಕು. ಡೈವ್ ಕಂಪ್ಯೂಟರ್ ಬಂದು ಪ್ರೆಷರ್ ಗೇಜಿನ ಕೆಲಸ ಕಿತ್ತುಕೊಳ್ಳಲಿಲ್ಲ. ಅದು ಕಿತ್ತುಕೊಂಡದ್ದು ಡೆಪ್ತ್ ಗೇಜು, ಗಡಿಯಾರ, ಟೇಬಲ್ ಮೂರರ ಕೆಲಸವನ್ನು. ಕೈಗೆ ಕಟ್ಟುವ ಸಾದಾ ಕಂಪ್ಯೂಟರಿಗೆ ನಿನ್ನ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅನ್ನುವುದು ಗೊತ್ತೇ ಇರುವುದಿಲ್ಲ. ಅದಕ್ಕೆ ತಿಳಿಯುವುದು ಸುತ್ತಲಿನ ನೀರಿನ ಒತ್ತಡ, ಕಳೆದ ಹೊತ್ತು ಮತ್ತು ನೀರಿನ ತಾಪ. ಮಿಕ್ಕದ್ದೆಲ್ಲ ಅದು ಹಾಕುವ ಲೆಕ್ಕ.

ಅದಕ್ಕೇ ಹೊಸಬರ ಕಣ್ಣು ಮೊದಲು ಪಳಗಬೇಕಾದದ್ದು ಮುಳ್ಳಿನ ಮೇಲೆ. ಯಾಕೆ ಅಂತ ಕಾಂಪೌಂಡಿನ ಮೇಲೆ ಸುಣ್ಣದ ಚೂರಿನಲ್ಲಿ ಬರೆದು ತೋರಿಸಿದೆ. ಸಾಮಾನ್ಯವಾಗಿ ಕೊಡುವ ಅಲ್ಯುಮಿನಿಯಂ ಸಿಲಿಂಡರಿನ ಹೊಟ್ಟೆ ಸುಮಾರು 11 ಲೀಟರಿನದು. 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟುವಂತಿಲ್ಲ, ಗೇಜಿನ ಮುಖದ ಮೇಲೆ ಅಲ್ಲಿಂದ ಕೆಳಗೆ ಕೆಂಪು ಬಳಿದಿರುತ್ತಾರೆ. ಉಳಿಯಿತು 1,650 ಲೀಟರ್. ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಂತ ಇಟ್ಟುಕೊಳ್ಳೋಣ. ಸಮುದ್ರದಲ್ಲಿ ಪ್ರತಿ 10 ಮೀಟರಿಗೂ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. 10 ಮೀಟರಿನಲ್ಲಿ ಅದೇ ಎದೆ ತುಂಬಲು ಎರಡು ಪಟ್ಟು ಗಾಳಿ ಬೇಕು, ನಿಮಿಷಕ್ಕೆ 40 ಲೀಟರ್. ಅಲ್ಲಿಗೆ 41 ನಿಮಿಷ. 18 ಮೀಟರಿಗೆ ಇಳಿದರೆ ನಿಮಿಷಕ್ಕೆ 56 ಲೀಟರ್, ಅಂದರೆ ಅರ್ಧ ಗಂಟೆಗೂ ಸಾಲದು. ಹೊಸಬರು ಗಾಬರಿಗೆ ದಬದಬ ಉಸಿರಾಡುತ್ತಾರೆ, ಅವರಿಗೆ ಇನ್ನೂ ಕಡಿಮೆ.

ಟೇಬಲ್ ಏನು ಹೇಳುತ್ತದೆ? ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಹೆಸರಾಂತ ಟೇಬಲ್ ಪ್ರಕಾರ 18 ಮೀಟರಿನಲ್ಲಿ 56 ನಿಮಿಷ ಇರಬಹುದು, 10 ಮೀಟರಿನಲ್ಲಿ 219 ನಿಮಿಷ. ಅಂದರೆ ದಿನದ ಮೊದಲ ಮುಳುಗಿನಲ್ಲಿ ಟೇಬಲ್ಲಿನ ಗಡಿ ಮುಟ್ಟುವ ಎಷ್ಟೋ ಮೊದಲೇ ಗಾಳಿ ಮುಗಿದಿರುತ್ತದೆ. ಗಾಳಿ ತೋರಿಸುವ ಮುಳ್ಳನ್ನು ಗಳಿಗೆಗೊಮ್ಮೆ ನೋಡುವ ಅಭ್ಯಾಸವೇ ಇಲ್ಲದವರಿಗೆ ಎಂಥ ಕಂಪ್ಯೂಟರ್ ಕಟ್ಟಿದರೂ ಪ್ರಯೋಜನವಿಲ್ಲ.

“ಅದನ್ನೇ ನಾನು ಹೇಳಿದ್ದು, ಗೇಜ್ ಸಾಕು ಅಂತ,” ಅಂದರು ಅಣ್ಣ.

ಮೊದಲ ಮುಳುಗಿಗೆ ಸಾಕು. ಆದರೆ ನೇತ್ರಾಣಿಗೆ ಒಂದೇ ಮುಳುಗಿಗಾಗಿ ಯಾರು ಹೋಗುತ್ತಾರೆ? ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿದೆ ಆ ದ್ವೀಪ. ಬೋಟಿನಲ್ಲಿ ಗಂಟೆಗೂ ಮೀರಿದ ದಾರಿ. ಮಳೆಗಾಲದಲ್ಲಿ ಬೋಟೇ ಇಲ್ಲ. ಅಷ್ಟು ದೂರ ಹೋದವರು ಬೆಳಗ್ಗೆ ಒಂದು ಸಲ ಇಳಿದು, ಬೋಟಿನ ಮೇಲೆ ಕೂತು ದಣಿವಾರಿಸಿಕೊಂಡು, ಮತ್ತೊಮ್ಮೆ ಇಳಿಯುತ್ತಾರೆ. ಕೋರ್ಸಿನಲ್ಲಂತೂ ಸಮುದ್ರದಲ್ಲಿ ನಾಲ್ಕು ಮುಳುಗು ಆಗಲೇಬೇಕು. ಎರಡನೆಯ ಸಲ ಇಳಿಯುವಾಗ ಮೈ ಮೊದಲಿನಂತೆ ಖಾಲಿ ಇರುವುದಿಲ್ಲ. ಇಲ್ಲಿಂದ ಲೆಕ್ಕ ಬೇರೆ.

ಮಾತಿಗೆ ಹುಡುಗಿಯ ಅಮ್ಮ, ನನಗೆ ಅಕ್ಕ, ಅವರೂ ಬಂದರು, ಕೈಯಲ್ಲಿ ಸೊಪ್ಪಿನ ಮೊರ. “ಆಕ್ಸಿಜನ್ ಸಿಲಿಂಡರ್ ಇರುತ್ತಲ್ಲ, ಅದು ಮುಗಿಯೋ ಗಂಟ ಏನೂ ಆಗಲ್ಲ ತಾನೆ?” ಅಂದರು. ಎಷ್ಟೋ ಮಂದಿ ಹೀಗೇ ತಿಳಿದಿದ್ದಾರೆ. ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವಲ್ಲ ಅಕ್ಕ, ನಾವು ಇಲ್ಲಿ ನಿಂತು ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ, ಅದುಮಿ ತುಂಬಿರುತ್ತಾರೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ದಡದ ಮೇಲೆ ಅದು ಬಂದ ದಾರಿಯಲ್ಲೇ ಹೋಗುತ್ತದೆ. ಆಳದಲ್ಲಿ ಒತ್ತಡಕ್ಕೆ ಸಿಕ್ಕಿ ರಕ್ತದಲ್ಲಿ, ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕ ನಿಧಾನವಾಗಿ ಹೊರಗೆ. ಅವಸರ ಮಾಡಿದರೆ ಮೈಯೊಳಗೇ ಗುಳ್ಳೆಯೇಳುತ್ತದೆ. ಕೀಲು ನೋವು, ಮರಗಟ್ಟುವಿಕೆ, ಕೆಲವರಿಗೆ ಲಕ್ವ ಹೊಡೆದ ಹಾಗೆ ಕಾಲು ಬಿದ್ದುಹೋಗುವುದೂ ಉಂಟು.

ಇದರ ಲೆಕ್ಕ ಮೊದಲು ಹಾಕಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟನ್ನಿನ ನೌಕಾಪಡೆಗಾಗಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನೋಡಿ 1908ರಲ್ಲಿ ಪ್ರಕಟಿಸಿದರು. ಗುಳ್ಳೆಯ ನೋವು ಬಂದ ಮೇಕೆ ಮುಂಗಾಲು ಎತ್ತಿಕೊಂಡು ನಿಲ್ಲುತ್ತಿತ್ತಂತೆ. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ. ಹದಿಮೂರರ ಹುಡುಗನಾಗಿದ್ದಾಗಲೇ ಅವರು ತಂದೆಯ ಪ್ರಯೋಗಕ್ಕಾಗಿ ಸಮುದ್ರಕ್ಕೆ ಇಳಿದಿದ್ದರು.

ಹಾಲ್ಡೇನ್ ಕಂಡುಕೊಂಡ ಮುಖ್ಯ ಸಂಗತಿ ಹೊಲ ಕಂಡವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಕೆಮ್ಮಣ್ಣಿನ ಹೊಲ ಸರ್ರನೆ ನೀರು ಕುಡಿದು ಸರ್ರನೆ ಒಣಗುತ್ತದೆ, ಕೆರೆಯಂಗಳದ ಜೇಡಿ ನಿಧಾನವಾಗಿ ನೆನೆದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೈಯೂ ಹಾಗೇ. ರಕ್ತ ಹೆಚ್ಚು ಹರಿಯುವ ಭಾಗ ಸಾರಜನಕವನ್ನು ಬೇಗ ತುಂಬಿಕೊಂಡು ಬೇಗ ಬಿಡುತ್ತದೆ, ಕೊಬ್ಬಿನಂಥದ್ದು ತಡವಾಗಿ ತುಂಬಿ ತಡವಾಗಿ ಬಿಡುತ್ತದೆ. ಹಾಲ್ಡೇನ್ ಮೈಯನ್ನು ಲೆಕ್ಕಕ್ಕಾಗಿ ಐದು ಭಾಗ ಮಾಡಿದರು. ಜೂರಿಕ್ಕಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಅದನ್ನು 16 ಭಾಗಕ್ಕೆ ಒಯ್ದರು. ಅರ್ಧ ತುಂಬಲು 4 ನಿಮಿಷ ಸಾಕಾಗುವ ಭಾಗದಿಂದ ಹಿಡಿದು 635 ನಿಮಿಷ ಬೇಕಾಗುವ ಭಾಗದ ತನಕ. ಇವತ್ತಿನ ಎಷ್ಟೋ ಕಂಪ್ಯೂಟರುಗಳ ಒಳಗೆ ಓಡುತ್ತಿರುವುದು ಅವರ ಲೆಕ್ಕವೇ.

ಈಗ ಟೇಬಲ್, ಕಂಪ್ಯೂಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟೇಬಲ್ ಹಿಡಿದವರು ಇಡೀ ಮುಳುಗನ್ನು ಅತಿ ಹೆಚ್ಚು ಆಳದಲ್ಲೇ ಕಳೆದಂತೆ ಲೆಕ್ಕ ಹಿಡಿಯಬೇಕು. 17 ಮೀಟರಿಗೆ ಐದು ನಿಮಿಷ ಇಳಿದು, ಮಿಕ್ಕ ಹೊತ್ತು 8 ಮೀಟರಿನಲ್ಲಿ ಗಿಳಿಮೀನು ನೋಡುತ್ತಾ ಸುತ್ತಿದರೂ ಟೇಬಲ್ಲಿಗೆ ಅದೆಲ್ಲ 18 ಮೀಟರೇ. ಮೇಲೆ ಬಂದ ಮೇಲೆ ‘ಎ’ಯಿಂದ ‘ಝಡ್’ ತನಕದ ಅಕ್ಷರದಲ್ಲಿ ನಮ್ಮದು ಯಾವುದು ಅಂತ ಹುಡುಕಬೇಕು. ಬೋಟಿನಲ್ಲಿ ಎಷ್ಟು ಹೊತ್ತು ಕೂತೆವು ಅಂತ ನೋಡಿ ಆ ಅಕ್ಷರ ಇಳಿಸಬೇಕು. ಆಮೇಲೆ ಹಾಳೆ ತಿರುಗಿಸಿ ಎರಡನೆಯ ಮುಳುಗಿಗೆ ಉಳಿದ ನಿಮಿಷ ತೆಗೆಯಬೇಕು. ತಪ್ಪೇನಿಲ್ಲ, ಎಷ್ಟೋ ದಶಕ ಜನ ಹೀಗೆಯೇ ಸುಖವಾಗಿ ಮುಳುಗಿ ಎದ್ದಿದ್ದಾರೆ. ಆದರೆ ತೂಗುವ ಬೋಟು, ಉಪ್ಪುನೀರು ಹನಿಯುವ ಕೈ, ವಾಂತಿ ಬರುವಂತಿರುವ ಹೊಟ್ಟೆ. ಆ ಹೊತ್ತಿನಲ್ಲಿ ಸಾಲು ತಪ್ಪಿದರೆ ಇಡೀ ಲೆಕ್ಕವೇ ತಪ್ಪು.

ಕಂಪ್ಯೂಟರ್ ಕೆಲವು ಸೆಕೆಂಡಿಗೊಮ್ಮೆ ಆಳ ಅಳೆದು, ಇದ್ದಷ್ಟು ಹೊತ್ತಿಗೆ ಇದ್ದಷ್ಟೇ ಆಳ ಹಿಡಿದು ಮೈಯ ಒಂದೊಂದು ಭಾಗಕ್ಕೂ ಲೆಕ್ಕ ಹಾಕುತ್ತದೆ. ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಅನ್ನುವುದನ್ನು ದೊಡ್ಡ ಅಂಕೆಯಲ್ಲಿ ತೋರಿಸುತ್ತದೆ. ಮೇಲೇರಿದಂತೆ ಆ ಅಂಕೆ ಬೆಳೆಯುತ್ತದೆ, ಇಳಿದಂತೆ ಕುಗ್ಗುತ್ತದೆ. ಬೋಟಿನ ಮೇಲೆ ಕೂತಾಗಲೂ ಲೆಕ್ಕ ನಿಲ್ಲುವುದಿಲ್ಲ. ಜನಸಾಮಾನ್ಯರು ಕೊಳ್ಳುವಂಥ ಇಂಥ ಯಂತ್ರಗಳು 1983ರ ಸುಮಾರಿಗೆ ಬಂದವು. ಅಮೆರಿಕದ ಆರ್ಕಾ ಎಡ್ಜ್, ಸ್ವಿಟ್ಜರ್ಲೆಂಡಿನ ಡೆಕೊಬ್ರೇನ್ ಆ ಕಾಲದವು. ಇವತ್ತು ಓಪನ್ ವಾಟರ್ ಕೋರ್ಸಿನಲ್ಲೇ ಕಂಪ್ಯೂಟರ್ ಓದುವುದನ್ನು ಕಲಿಸುತ್ತಾರೆ.

ಹೊಸಬರಿಗೆ ಅದರಿಂದ ಆಗುವ ಅತಿ ದೊಡ್ಡ ಉಪಕಾರ ನನ್ನ ಲೆಕ್ಕದಲ್ಲಿ ಇನ್ನೊಂದು. ಮೇಲೆ ಬರುವ ವೇಗ. ನಿಮಿಷಕ್ಕೆ 9 ಮೀಟರ್ ಮೀರಬಾರದು ಅನ್ನುತ್ತಾರೆ. ಡೆಪ್ತ್ ಗೇಜೂ ಗಡಿಯಾರವೂ ಇದ್ದವರು ಎರಡನ್ನೂ ಒಟ್ಟಿಗೆ ನೋಡಿ, ತಲೆಯಲ್ಲೇ ಭಾಗಿಸಬೇಕು. ತೇಲಲು ತೊಟ್ಟ ಜಾಕೆಟ್ಟಿನೊಳಗಿನ ಗಾಳಿ ಹಿಗ್ಗಿ ಮೈ ತಾನಾಗಿ ಮೇಲೇಳುತ್ತಿರುವಾಗ ಹೊಸಬರಿಗೆ ಅಷ್ಟು ವ್ಯವಧಾನ ಎಲ್ಲಿರುತ್ತದೆ? ಕಂಪ್ಯೂಟರ್ ಕೀಂಯ್ ಅನ್ನುತ್ತದೆ, ‘ನಿಧಾನ’ ಅಂತ ತೋರಿಸುತ್ತದೆ. 5 ಮೀಟರಿಗೆ ಬಂದೊಡನೆ ಮೂರು ನಿಮಿಷದ ನಿಲುಗಡೆಗೆ ಎಣಿಕೆ ತಾನೇ ಶುರು ಮಾಡುತ್ತದೆ. ಹತ್ತಾರು ವರ್ಷ ಮುಳುಗಿದವರಿಗೆ ಇದೆಲ್ಲ ಮೈಗೆ ಬಂದಿರುತ್ತದೆ. ಹೊಸಬರಿಗೆ ಆ ಸದ್ದು ಬೇಕು.

ಅಣ್ಣ ಬಿಡುವವರಲ್ಲ. “ಬ್ಯಾಟರಿ ಹೋದ್ರೆ? ನಮ್ಮಲ್ಲಿ ಡಿಜಿಟಲ್ ಮೀಟರ್ ಎಷ್ಟು ಸಲ ಕೈಕೊಟ್ಟಿವೆ ಗೊತ್ತಾ? ಮುಳ್ಳು ಯಾವತ್ತೂ ನಿಂತಿಲ್ಲ.”

ನ್ಯಾಯವಾದ ಮಾತು. ನೀರಿನೊಳಗೆ ಪರದೆ ಕಪ್ಪಾದರೆ ಮುಳುಗು ಅಲ್ಲಿಗೆ ಮುಗಿಯಿತು. ಜೊತೆಗಾರರಿಗೆ ಸನ್ನೆ ಮಾಡಿ, ನಿಧಾನವಾಗಿ ಏರಿ, 5 ಮೀಟರಿನಲ್ಲಿ ನಿಂತು, ಮೇಲೆ ಬರಬೇಕು. ಮೈಯಲ್ಲಿ ಕೂತ ಸಾರಜನಕದ ಲೆಕ್ಕ ಆ ಯಂತ್ರದೊಂದಿಗೇ ಹೋಯಿತಾದ್ದರಿಂದ ಒಂದು ದಿನ ನೀರಿಗೆ ಇಳಿಯದಿರುವುದೇ ಕ್ಷೇಮ. ಜೊತೆಗಾರರ ಕಂಪ್ಯೂಟರ್ ನೋಡಿಕೊಂಡು ಮುಂದುವರಿಯುವುದು ಸಲ್ಲದು. ಅವರು ಒಂದು ಮೀಟರ್ ಮೇಲಿದ್ದರೋ, ಬೆಳಗ್ಗೆ ಒಂದು ಮುಳುಗು ಕಡಿಮೆ ಹಾಕಿದ್ದರೋ, ಅವರ ಲೆಕ್ಕವೇ ಬೇರೆ. ಒಬ್ಬೊಬ್ಬರಿಗೆ ಒಂದೊಂದು, ದಿನದ ಮೊದಲ ಮುಳುಗಿನಿಂದ ಕೊನೆಯದರ ತನಕ ಅದೇ. ಗಂಡ ಹೆಂಡತಿ ಸೇರಿ ಒಂದು ಕೊಳ್ಳುವ ಉಳಿತಾಯ ಇಲ್ಲಿ ನಡೆಯುವುದಿಲ್ಲ.

ಇನ್ನೂ ಒಂದು ಮಾತು ಸೇರಿಸಿದೆ. ಕಂಪ್ಯೂಟರ್ ನಿನ್ನ ರಕ್ತವನ್ನೇನೂ ಅಳೆಯುವುದಿಲ್ಲ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದೀಯೋ, ನೀರು ಕುಡಿಯದೆ ಒಣಗಿದ್ದೀಯೋ, ಬೋಟಿನಲ್ಲಿ ವಾಂತಿಯಾಗಿದೆಯೋ ಅದಕ್ಕೆ ತಿಳಿಯದು. ಅದು ಹೇಳುವುದು ಒಂದು ಮಾದರಿ ದೇಹದ ಕತೆ. ಹಾಗಾಗಿ ಪರದೆಯಲ್ಲಿ ಸೊನ್ನೆ ಬರುವ ತನಕ ಕೂತಿರಬಾರದು, ಹತ್ತು ನಿಮಿಷ ಇರುವಾಗಲೇ ಮೇಲಿನ ಮಟ್ಟಕ್ಕೆ ಬರಬೇಕು. ಹೆಚ್ಚು ಎಚ್ಚರಿಕೆಯ ಲೆಕ್ಕ ಹಾಕುವಂತೆ ಮಾಡುವ ಸೆಟ್ಟಿಂಗ್ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳಲ್ಲೂ ಇರುತ್ತದೆ. ಹೊಸಬರು ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಅಷ್ಟು ಹೊತ್ತಿಗೆ ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು. “ಶಿರೂರಲ್ಲಿ ಗುಡ್ಡ ಕುಸಿದಾಗ ಟಿವಿಲಿ ನೋಡಿದ್ನಲ್ಲಪ್ಪ, ಆ ಕೆಂಪು ನೀರಿಗೆ ಇಳೀತಿದ್ರು. ಅದೆಲ್ಲ ಇವಳಿಗೆ ಯಾಕೆ ಬೇಕು?” ಅಂದರು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಗಂಗಾವಳಿ ಸೇರಿದಾಗ ನೌಕಾಪಡೆಯವರೂ ಮುಳುಗುತಜ್ಞರಾದ ನಮ್ಮ ಈಶ್ವರ ಮಲ್ಪೆಯವರೂ ಆ ಹೊಳೆಗೆ ಇಳಿದದ್ದನ್ನು ನಾಡೇ ನೋಡಿತು. ಅವರು ಇಳಿದದ್ದು ಬೇರೆಯವರಿಗಾಗಿ, ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಇವಳು ಇಳಿಯುವುದು ಸಂತೋಷಕ್ಕೆ. ಮುಖದ ಮುಂದೆ ಹಿಡಿದ ಗೇಜೂ ಕಾಣದ ರಾಡಿನೀರಾದರೆ ಇಳಿಯುವುದಿಲ್ಲ ಅನ್ನುವ ಸ್ವಾತಂತ್ರ್ಯ ಇವಳಿಗೆ ಇದ್ದೇ ಇದೆ. ಆ ಸ್ವಾತಂತ್ರ್ಯವನ್ನು ನಾಚಿಕೆಪಡದೆ ಬಳಸುವುದೂ ಕೋರ್ಸಿನ ಪಾಠವೇ. ಅಕ್ಕನಿಗೆ ಅರ್ಧ ಸಮಾಧಾನವಾಯಿತು.

ಇನ್ನರ್ಧ ಸಮಾಧಾನಕ್ಕೆ ನಾನು ಎತ್ತಿದ್ದು ಘಟ್ಟದ ಮಾತು. ಬಯಲುಸೀಮೆಯಿಂದ ಕಡಲಿಗೆ ಹೋಗುವ ನಮ್ಮಂಥವರೆಲ್ಲ ಕಿವಿಗೊಟ್ಟು ಕೇಳಬೇಕಾದದ್ದು ಇದು. ಮುಳುಗಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಹೇಳಿಕೊಡುತ್ತಾರೆ. ಮುಳುಗುವವರ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ತಜ್ಞರನ್ನು ಸೇರಿಸಿ ಮಾಡಿದ ನಿಯಮದಂತೆ ಒಂದೇ ಮುಳುಗಾದರೆ 12 ಗಂಟೆ, ದಿನಕ್ಕೆ ಹಲವು ಸಲವೋ ಹಲವು ದಿನವೋ ಮುಳುಗಿದ್ದರೆ 18 ಗಂಟೆ ಕಾಯಬೇಕು. ವಿಮಾನದೊಳಗಿನ ಒತ್ತಡ ಎಷ್ಟು ಎತ್ತರಕ್ಕೆ ಸಮ ಅಂತ ಇಟ್ಟುಕೊಂಡು ಆ ನಿಯಮ ಮಾಡಿದ್ದಾರೆ? ಸುಮಾರು 600 ಮೀಟರಿನಿಂದ 2,400 ಮೀಟರ್. ನಮ್ಮ ಪಿಲ್ಲಗುಂಪೆ, ಹೊಸಕೋಟೆ, ಬೆಂಗಳೂರು ಇರುವುದು ಎಷ್ಟು ಎತ್ತರದಲ್ಲಿ? 900 ಮೀಟರಿನ ಆಸುಪಾಸು. ವಿಮಾನವೇ ಬೇಡ, ಮನೆಗೆ ಬಂದರೆ ಸಾಕು, ಆ ನಿಯಮದ ಎತ್ತರದೊಳಗೆ ಬಂದಂತೆ.

ಇಲ್ಲಿನ ಗಾಳಿಯ ಒತ್ತಡ ಮುರುಡೇಶ್ವರದ್ದಕ್ಕಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ. ಗೇರುಸೊಪ್ಪೆ ಘಟ್ಟ ಹತ್ತಿ ಸಾಗರದ ಮೇಲೆ ಬನ್ನಿ, ಹುಬ್ಬಳ್ಳಿ ಸುತ್ತಿ ಬನ್ನಿ, ಸಕಲೇಶಪುರದ ಮೇಲೆ ರೈಲಿನಲ್ಲೇ ಬನ್ನಿ, ಯಾವ ದಾರಿ ಹಿಡಿದರೂ 600 ಮೀಟರಿನ ಗಡಿ ದಾಟಲೇಬೇಕು. ಮೈಯಲ್ಲಿ ಇನ್ನೂ ಕೂತಿರುವ ಸಾರಜನಕಕ್ಕೆ ಬಸ್ಸೂ ಒಂದೇ, ವಿಮಾನವೂ ಒಂದೇ. ಆದರೆ ಶನಿವಾರ ಭಾನುವಾರದ ರಜೆಯಲ್ಲಿ ಹೋಗುವ ನಮ್ಮ ಹುಡುಗರು ಮಾಡುವುದೇನು? ಭಾನುವಾರ ಮಧ್ಯಾಹ್ನ ಕೊನೆಯ ಮುಳುಗು ಮುಗಿಸಿ, ಸಂಜೆ ಬಸ್ಸು ಹತ್ತಿ, ನಿದ್ದೆ ಹೋಗುವ ಮೊದಲೇ ಘಟ್ಟದ ಮೇಲೆ. ಎಲ್ಲರಿಗೂ ಏನೋ ಆಗಿಯೇ ತೀರುತ್ತದೆ ಅಂತಲ್ಲ. ಅಪಾಯ ಇದೆ ಅಂತ ಗೊತ್ತಿದ್ದೂ ಬಸ್ಸು ಹತ್ತುವುದು ಯಾಕೆ ಅಂತ ನನ್ನ ಪ್ರಶ್ನೆ. ಮಧ್ಯಾಹ್ನ 12ಕ್ಕೆ ನೀರಿನಿಂದ ಎದ್ದರೆ 18 ಗಂಟೆ ತುಂಬುವುದು ಮರುದಿನ ಬೆಳಗ್ಗೆ ಆರಕ್ಕೆ. ಒಂದು ರಾತ್ರಿ ಮುರುಡೇಶ್ವರದಲ್ಲಿ ತಂಗಿದರೆ ಮುಗಿಯಿತು.

ಇಲ್ಲಿಯೂ ಕಂಪ್ಯೂಟರ್ ಕೆಲಸಕ್ಕೆ ಬರುತ್ತದೆ. ಮೇಲೆ ಬಂದ ಮೇಲೆ ಸಣ್ಣ ವಿಮಾನದ ಚಿತ್ರ ತೋರಿಸಿ ಇನ್ನೆಷ್ಟು ಗಂಟೆ ಕಾಯಬೇಕು ಅಂತ ಎಣಿಸುತ್ತಾ ಕೂರುತ್ತದೆ. ಆ ಚಿತ್ರ ಆರುವ ತನಕ ಘಟ್ಟ ಹತ್ತಬೇಡ ಅಂತ ಹುಡುಗಿಗೆ ಒತ್ತಿ ಹೇಳಿದೆ. ಅಣ್ಣನ ಮುಖ ಅಲ್ಲಿ ಸ್ವಲ್ಪ ಮೆತ್ತಗಾಯಿತು. “ಮುಳ್ಳು ಇದನ್ನ ಹೇಳಲ್ಲ, ಅದು ನಿಜ,” ಅಂದರು.

ಹಾಗಾದರೆ ಕೊಳ್ಳುವುದು ಏನು? ನಾನು ಹೇಳಿದ ಕ್ರಮ ಹೀಗಿದೆ. ಕೋರ್ಸ್ ಮುಗಿಯುವ ತನಕ ಏನೂ ಬೇಡ, ಕಲಿಸುವವರೇ ಕೊಡುತ್ತಾರೆ. ಕೊಟ್ಟದ್ದನ್ನು ಬಿಡದೆ ಕೈಯಲ್ಲಿ ಹಿಡಿದು ನೋಡಿ ಕಲಿ. ಆಮೇಲೆ ವರ್ಷಕ್ಕೆರಡು ಸಲವಾದರೂ ಮುಳುಗುವ ಮನಸ್ಸಿದ್ದರೆ ಮೊದಲು ಕೊಳ್ಳಬೇಕಾದ ಸಾಧನ ಕೈಗೆ ಕಟ್ಟುವ ಸಾದಾ ಕಂಪ್ಯೂಟರ್. ಅಂಕೆ ದೊಡ್ಡದಾಗಿರಲಿ, ಬಟನ್ ಕಡಿಮೆ ಇರಲಿ, ಬ್ಯಾಟರಿ ನೀನೇ ಬದಲಾಯಿಸುವಂತಿರಲಿ. ಬಣ್ಣದ ಪರದೆ, ಫೋನಿಗೆ ಜೋಡಣೆ ಇವೆಲ್ಲ ಆಮೇಲೆ ನೋಡಿಕೊಳ್ಳಬಹುದು. ಸಿಲಿಂಡರಿನ ಒತ್ತಡವನ್ನೂ ವೈರ್ ಇಲ್ಲದೆ ಕೈಗೇ ಕಳಿಸುವ ದುಬಾರಿ ಕಂಪ್ಯೂಟರುಗಳಿವೆ. ಅದನ್ನು ಕೊಂಡರೂ ಮುಳ್ಳಿನ ಗೇಜು ಕಳಚಿಡಬಾರದು. ಪ್ರೆಷರ್ ಗೇಜು, ಉಸಿರಾಡಲು ಬಾಯಿಗಿಡುವ ರೆಗ್ಯುಲೇಟರನ್ನು ಬಾಡಿಗೆಗೆ ತೆಗೆದುಕೊಂಡರೆ ಅದರ ಜೊತೆಗೇ ಬರುತ್ತದೆ. ಡೆಪ್ತ್ ಗೇಜಿಗೂ ಟೇಬಲ್ಲಿಗೂ ಬೇರೆಯಾಗಿ ದುಡ್ಡು ಹಾಕುವ ಅಗತ್ಯ ಹೊಸಬರಿಗೆ ಈಗ ಇಲ್ಲ. ಆದರೆ ಟೇಬಲ್ ಓದುವುದನ್ನು ಒಮ್ಮೆ ಯಾರಿಂದಾದರೂ ಹೇಳಿಸಿಕೊಳ್ಳಬೇಕು. ಕೈಯಲ್ಲಿನ ಅಂಕೆ ಎಲ್ಲಿಂದ ಹುಟ್ಟಿತು ಅಂತ ತಿಳಿದವರು ಅದನ್ನು ಕುರುಡಾಗಿ ನಂಬುವುದಿಲ್ಲ.

ಬಾಡಿಗೆಯ ಗೇಜನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಳಿದಳು. ಇದನ್ನು ಅಣ್ಣನ ಎದುರೇ ಕೈಯಲ್ಲಿ ಮಾಡಿ ತೋರಿಸಿದೆ. ವಾಲ್ವ್ ತಿರುಗಿಸುವ ಮೊದಲು ಮುಳ್ಳು ಸೊನ್ನೆಯ ಮೇಲೆಯೇ ಕೂತಿರಬೇಕು. ತಿರುಗಿಸುವಾಗ ಗೇಜಿನ ಗಾಜು ನಿನ್ನ ಕಡೆಗೂ ಬೇಡ, ಬೇರೆಯವರ ಕಡೆಗೂ ಬೇಡ. ವಾಲ್ವ್ ಪೂರ್ತಿ ತೆರೆದ ಮೇಲೆ ಬಾಯಿಗೆ ರೆಗ್ಯುಲೇಟರ್ ಇಟ್ಟು, ಮುಳ್ಳನ್ನೇ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರೆಳೆ. ಮುಳ್ಳು ಅಲುಗಾಡದೆ ನಿಂತಿದ್ದರೆ ಸರಿ. ಎಳೆದಾಗ ಕುಸಿದು, ಬಿಟ್ಟಾಗ ಏರಿದರೆ ವಾಲ್ವ್ ಅರ್ಧವೇ ತೆರೆದಿದೆ ಅಂತ ಲೆಕ್ಕ. ಮೇಲೆ ಉಸಿರು ಸಲೀಸಾಗಿ ಬರುತ್ತದೆ, ಆಳದಲ್ಲಿ ಕಟ್ಟಿಕೊಳ್ಳುತ್ತದೆ. ಹೋಸು ಗೇಜಿಗೆ ಸೇರುವ ಜಾಗದಲ್ಲಿ ನೀರಿನೊಳಗೆ ಸಣ್ಣ ಗುಳ್ಳೆಯ ಸಾಲು ಕಂಡರೆ ಒಳಗಿನ ಓ-ರಿಂಗ್ ಸವೆದಿದೆ.

“ಇದೇ ಪರೀಕ್ಷೆ ನಮ್ಮ ಲೈನಿಗೂ ಮಾಡ್ತೀವಿ. ಲೋಡ್ ಬಿದ್ದಾಗ ಮುಳ್ಳು ಕುಸಿದ್ರೆ ಎಲ್ಲೋ ವಾಲ್ವ್ ಕಟ್ಟಿದೆ ಅಂತ,” ಅಂದರು ಅಣ್ಣ. ಮಗಳಿಗೆ ಅವರು ಕೊಟ್ಟ ಬುದ್ಧಿಮಾತು ನನ್ನದಕ್ಕಿಂತ ಗಟ್ಟಿಯಾಗಿತ್ತು. ಕೆಟ್ಟಿದೆ ಅನ್ನುವ ಅನುಮಾನ ಬಂದ ಗೇಜನ್ನು ತಟ್ಟಿ, ಕುಟ್ಟಿ ಸರಿ ಮಾಡಲು ಹೋಗಬಾರದು, ಬದಲಿ ಕೇಳಬೇಕು. ಕೊಡದಿದ್ದರೆ ಇಳಿಯಬಾರದು.

ಕಂಪ್ಯೂಟರ್ ದೊಡ್ಡದೋ ಗೇಜು ದೊಡ್ಡದೋ ಅನ್ನುವ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಗಾಳಿಯ ಲೆಕ್ಕಕ್ಕೆ ಮುಳ್ಳು, ಸಾರಜನಕದ ಲೆಕ್ಕಕ್ಕೆ ಕಂಪ್ಯೂಟರ್. ಒಂದರ ಉತ್ತರ ಇನ್ನೊಂದರಿಂದ ಸಿಗುವುದಿಲ್ಲ. ನಮ್ಮ ನಾಡಿನ ಮಕ್ಕಳು ಕಡಲೊಳಗಿನ ಲೋಕ ನೋಡಲು ಹೊರಟಿರುವುದು ನನಗೆ ಬಹಳ ಸಂತೋಷದ ಸಂಗತಿ. ಅವರು ಹೋಗಲಿ, ಮತ್ತೆ ಮತ್ತೆ ಹೋಗಲಿ. ಆದರೆ ಸಾಧನಕ್ಕೆ ದುಡ್ಡು ಹೊಂದಿಸುವಾಗಲೇ ಮುರುಡೇಶ್ವರದ ಇನ್ನೊಂದು ರಾತ್ರಿಯ ಲಾಡ್ಜಿಗೂ, ಸೋಮವಾರದ ಒಂದು ರಜೆಗೂ ಹೊಂದಿಸಿಕೊಳ್ಳಲಿ.